141ನೇ ದಿನ

ವಕೀಲೆ ಗೋಡೆಯಲ್ಲಿದ್ದ ಕ್ಯಾಲೆಂಡರನ್ನು ತೆಗೆದು ಮೇಜಿನ ಮೇಲೆ ಹರಡಿ, ಪೆನ್ಸಿಲಿನ ತುದಿಯಿಂದ ಒಂದೊಂದೇ ಮನೆ ಎಣಿಸತೊಡಗಿದರು. ಫೆಬ್ರವರಿ 20ರಿಂದ ಶುರು. ಅವತ್ತು ನನಗೆ ಹದಿನೆಂಟು ತುಂಬಿತ್ತು. ಮಾರ್ಚ್, ಏಪ್ರಿಲ್, ಮೇ. ಅಪ್ಪ ತುಟಿ ಅಲ್ಲಾಡಿಸುತ್ತ ಅವರ ಜೊತೆಗೇ ಕನ್ನಡದಲ್ಲಿ ಎಣಿಸುತ್ತಿದ್ದರು. ಜುಲೈ 9ರ ಮೇಲೆ ಪೆನ್ಸಿಲು ನಿಂತಾಗ ಇಬ್ಬರ ಲೆಕ್ಕವೂ 141ಕ್ಕೆ ಬಂದಿತ್ತು.

2016ರ ಆ ಶನಿವಾರ ನಾವು ಹೋಗಿದ್ದು ಕ್ಯಾಲಿಫೋರ್ನಿಯಾದ ಸನ್ನಿವೇಲ್ ಹತ್ತಿರದ ಒಂದು ಕಾಲೇಜಿನಲ್ಲಿ ನಡೆಯುತ್ತಿದ್ದ ಉಚಿತ ಕಾನೂನು ಸಲಹಾ ಶಿಬಿರಕ್ಕೆ. ಮಕ್ಕಳ ಕುರ್ಚಿಯಂಥ ಪುಟ್ಟ ಕುರ್ಚಿಗಳು. ನಮ್ಮ ಮುಂದೆ ಸಾಲಿನಲ್ಲಿದ್ದವರು ಸ್ಪ್ಯಾನಿಷ್ ಮಾತಾಡುತ್ತಿದ್ದರು. ಅಮ್ಮ ಸೆರಗಿನೊಳಗೆ ಪ್ಲಾಸ್ಟಿಕ್ ಕವರು ಹಿಡಿದುಕೊಂಡಿದ್ದಳು. ಅದರಲ್ಲಿ ನಮ್ಮ ಮೂವರ ಅವಧಿ ಮುಗಿದ ಪಾಸ್‌ಪೋರ್ಟುಗಳಿದ್ದವು, ತಮ್ಮನ ಅಮೆರಿಕದ ಜನನ ಪತ್ರವೂ ಇತ್ತು.

ವಕೀಲೆ ಹೇಳಿದ್ದು ಇಷ್ಟು. ಕಾಗದವಿಲ್ಲದೆ ಉಳಿದ ದಿನಗಳ ಲೆಕ್ಕ ಹದಿನೆಂಟು ತುಂಬುವವರೆಗೆ ಶುರುವಾಗುವುದಿಲ್ಲ. ಆಮೇಲೆ 180 ದಿನ ದಾಟಿ ದೇಶ ಬಿಟ್ಟರೆ 3 ವರ್ಷ ವಾಪಸ್ ಬರುವಂತಿಲ್ಲ. ಒಂದು ವರ್ಷ ಮುಟ್ಟಿ ಬಿಟ್ಟರೆ 10 ವರ್ಷ. 1996ರಲ್ಲಿ ಮಾಡಿದ ಕಾನೂನು ಇದು. ಒಳಗೇ ಕೂತಿರುವವರೆಗೆ ಈ ನಿಷೇಧ ತಗಲುವುದಿಲ್ಲ, ಹೊಸಿಲು ದಾಟಿದ ಕ್ಷಣ ಹಿಂದಿನಿಂದ ಬಾಗಿಲು ಹಾಕಿಕೊಳ್ಳುತ್ತದೆ. ನನಗೆ ಆಗಸ್ಟ್ 17ರವರೆಗೆ ಸಮಯವಿತ್ತು. 39 ದಿನ.

"ಅಷ್ಟರೊಳಗೆ ಹೋದರೆ ನಿಷೇಧ ಇಲ್ಲ. ಆದರೆ ಮತ್ತೆ ವೀಸಾ ಸಿಗುತ್ತದೆ ಅಂತ ನಾನು ಭಾಷೆ ಕೊಡಲಾರೆ. ವೀಸಾ ಅಧಿಕಾರಿಗೆ ಈ ಒಂಬತ್ತು ವರ್ಷ ಕಂಡೇ ಕಾಣುತ್ತದೆ," ಅಂದರು ಅವರು. ಸುಳ್ಳು ಭರವಸೆ ಕೊಡದ ಆ ಹೆಂಗಸಿನ ಮೇಲೆ ನನಗೆ ಇವತ್ತಿಗೂ ಗೌರವ.

ನನ್ನ ಬದುಕಿನಲ್ಲಿ ದಿನದ ಲೆಕ್ಕ ಅವತ್ತು ಮೊದಲ ಸಲ ಬಂದದ್ದಲ್ಲ. 2012ರ ಜೂನ್ 15ರಂದು ಒಬಾಮ ಡಾಕಾ ಯೋಜನೆ ಪ್ರಕಟಿಸಿದಾಗ ನನಗೆ ಹದಿನಾಲ್ಕು. ಚಿಕ್ಕವರಾಗಿದ್ದಾಗ ಬಂದವರಿಗೆ ಎರಡೆರಡು ವರ್ಷ ಕೆಲಸದ ಪರವಾನಗಿ, ಗಡೀಪಾರಿನಿಂದ ರಕ್ಷಣೆ. ನಿಯಮಗಳನ್ನು ಒಂದೊಂದಾಗಿ ಓದುತ್ತ ಹೋದೆ, ಅರ್ಜಿಗೆ ಬೇಕಾದ ಹದಿನೈದು ವರ್ಷ ಮುಂದಿನ ಫೆಬ್ರವರಿಗೆ ತುಂಬುತ್ತಿತ್ತು, ಉಳಿದವೆಲ್ಲ ನನಗೆ ಹೊಂದುತ್ತಿದ್ದವು, ಒಂದರ ಹೊರತು. 2007ರ ಜೂನ್ 15ಕ್ಕೆ ಮೊದಲೇ ಅಮೆರಿಕದಲ್ಲಿರಬೇಕು. ನಾವು ಇಳಿದದ್ದು ಆಗಸ್ಟ್ 4. ಐವತ್ತು ದಿನ ತಡ.

ಆ ಐವತ್ತು ದಿನ ಎಲ್ಲಿ ಹೋದವು ಅಂತ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಜೂನ್ ಮೊದಲ ವಾರಕ್ಕೆ ಟಿಕೆಟ್ ಆಗಿತ್ತು. ಮೇ ಕೊನೆಯಲ್ಲಿ ಕುಂದಾಪುರದ ಹತ್ತಿರದ ಬಸ್ರೂರಿನಲ್ಲಿ ಅಜ್ಜಯ್ಯ ತೀರಿಕೊಂಡರು. ಬೊಜ್ಜ, ಅಂದರೆ ಉತ್ತರಕ್ರಿಯೆ, ಮುಗಿದ ಮೇಲೂ ಅಮ್ಮ ಹೊರಡಲಿಲ್ಲ. ಎರಡು ಮಾಸಿಕವಾದರೂ ಕಳೆಯದೆ ಅಮ್ಮಮ್ಮನೊಬ್ಬಳನ್ನೇ ಬಿಟ್ಟು ಬರಲಾರೆ ಅಂದಳು. ಅಪ್ಪ ಟಿಕೆಟ್ ಮುಂದಕ್ಕೆ ಹಾಕಿಸಿದರು. ಹೆತ್ತ ಅಪ್ಪನಿಗಾಗಿ ಒಬ್ಬ ಮಗಳು ಎರಡು ತಿಂಗಳು ಮನೆಯಲ್ಲಿ ಉಳಿದದ್ದು ಐದು ವರ್ಷದ ನಂತರ ತಪ್ಪಾಗಿ ಕಾಣಬೇಕೆ? ಡಾಕಾ ನಿಯಮ ಓದಿ ಹೇಳಿದ ರಾತ್ರಿ ಅಮ್ಮ ಸಿಂಕಿನ ಮುಂದೆ ನಲ್ಲಿ ಬಿಟ್ಟುಕೊಂಡು ಬಹಳ ಹೊತ್ತು ನಿಂತಿದ್ದಳು. ನಾನು ಅವಳ ಮುಂದೆ ಆ ಸಂಖ್ಯೆಯನ್ನು ಮತ್ತೆ ಎಂದೂ ಹೇಳಲಿಲ್ಲ.

ಅಪ್ಪ ಅಡುಗೆಯವರು. ದೋಸೆ ಹಿಟ್ಟನ್ನು ಮುಟ್ಟಿ ನೋಡಿಯೇ ಹುಳಿ ಬಂದಿದೆಯೋ ಇಲ್ಲವೋ ಹೇಳುವವರು. ನಮ್ಮ ಕಡೆಯವರೇ ಒಬ್ಬರು "ಮೊದಲು ವಿಸಿಟರ್ ವೀಸಾದಲ್ಲಿ ಬನ್ನಿ, ಕಾಗದ ನಾನು ಮಾಡಿಸುತ್ತೇನೆ" ಅಂದಿದ್ದರು. ಆರು ತಿಂಗಳ ಅವಧಿ ಮುಗಿಯಿತು, ಕಾಗದ ಆಗಲಿಲ್ಲ. ನಮ್ಮವರು ಇದಕ್ಕೆ "ಸ್ಟೇಟಸ್ ಹೋಗಿದೆ" ಅನ್ನುತ್ತಾರೆ. ಯುಗಾದಿ ಊಟದಲ್ಲಿ ಎಲೆಯ ಪಕ್ಕ ಕೂತವರು ಸಹಜವಾಗಿ ಕೇಳುತ್ತಿದ್ದರು, "ನಿಮ್ಮದು ಎಚ್1ಬಿಯಾ, ಗ್ರೀನ್ ಕಾರ್ಡ್ ಆಯಿತಾ?" ಕೆಲಸದ ವೀಸಾವೋ, ಕಾಯಂ ವಾಸದ ಪರವಾನಗಿಯೋ ಅಂತ. ಎರಡು ವರ್ಷ ಕೇಳಿಸಿಕೊಂಡ ಮೇಲೆ ಅಮ್ಮ ಅಂಥ ಕಡೆಗೆ ಹೋಗುವುದನ್ನೇ ಬಿಟ್ಟಳು. ಕನ್ನಡ ಕೇಳುವ ಆಸೆ ಇದ್ದವಳು ಕನ್ನಡದವರಿಂದ ಅಡಗಬೇಕಾಯಿತು. ನನ್ನನ್ನು ಇದಕ್ಕಿಂತ ಹೆಚ್ಚು ನೋಯಿಸಿದ್ದು ಬೇರೆ ಇಲ್ಲ.

2014ರ ನವೆಂಬರ್ 20ರಂದು ಡಾಕಾದ ಆ ಗಡುವನ್ನು 2010ರ ಜನವರಿ 1ಕ್ಕೆ ವಿಸ್ತರಿಸುವುದಾಗಿ ಒಬಾಮ ಹೇಳಿದರು. ನನ್ನ ಐವತ್ತು ದಿನ ಅದರೊಳಗೆ ಬಂದುಬಿಟ್ಟಿತು! ಟೆಕ್ಸಾಸ್ ಮುಂದಾಗಿ 26 ರಾಜ್ಯಗಳು ಕೋರ್ಟಿಗೆ ಹೋದವು, ಯೋಜನೆಗೆ ತಡೆ ಬಿತ್ತು. ಸುಪ್ರೀಂ ಕೋರ್ಟಿನಲ್ಲಿ ವಾದ ನಡೆಯುವ ಹೊತ್ತಿಗೆ ನ್ಯಾಯಮೂರ್ತಿ ಸ್ಕಾಲಿಯಾ ತೀರಿಕೊಂಡು ಎಂಟು ಜನ ಉಳಿದಿದ್ದರು. 2016ರ ಜೂನ್ 23ರಂದು 4-4 ಆಗಿ ತಡೆ ಹಾಗೆಯೇ ನಿಂತಿತು. ತೀರ್ಪು ಇದ್ದದ್ದು ಒಂದೇ ಒಂದು ಸಾಲು. ಯಾಕೆ ಅನ್ನುವುದಕ್ಕೆ ಒಂದು ವಾಕ್ಯವೂ ಇಲ್ಲ. ಅದಾದ ಹದಿನಾರನೇ ದಿನ ನಾವು ಈ ಪುಟ್ಟ ಕುರ್ಚಿಗಳಲ್ಲಿ ಕೂತಿದ್ದೆವು.

ವಕೀಲೆ ತಮ್ಮನ ಜನನ ಪತ್ರ ಕೈಗೆತ್ತಿಕೊಂಡರು. ಅವನು 2009ರಲ್ಲಿ ಅಲ್ಲೇ ಹುಟ್ಟಿದವನು, ಅಮೆರಿಕದ ಪ್ರಜೆ. 2030ರಲ್ಲಿ ಅವನಿಗೆ 21 ತುಂಬಿದಾಗ ಅಪ್ಪ ಅಮ್ಮನಿಗಾಗಿ ಅರ್ಜಿ ಹಾಕಬಹುದು. ಅವರು ವೀಸಾ ತೋರಿಸಿ ಒಳಗೆ ಬಂದವರಾದ್ದರಿಂದ, ಕಾನೂನು ಇವತ್ತಿನಂತೆಯೇ ಇದ್ದರೆ, ದೇಶ ಬಿಡದೆಯೇ ಗ್ರೀನ್ ಕಾರ್ಡ್ ಪಡೆಯುವ ದಾರಿ ಇದೆ. ಅಕ್ಕನಿಗಾಗಿ ತಮ್ಮ ಹಾಕುವ ಅರ್ಜಿಯದು ಬೇರೆಯೇ ಸಾಲು, ಹತ್ತು ವರ್ಷಕ್ಕೂ ಮೀರಿದ ಸರತಿ.

ಆ ಮಾತು ಮುಗಿದಾಗ ಅಪ್ಪ ನನ್ನ ಮುಖ ನೋಡಲಿಲ್ಲ. ಅವರಿಬ್ಬರೂ ಅಲ್ಲೇ ಉಳಿದು ಕಾಯಬೇಕು, ನಾನು ಹೊರಟರೆ ಒಬ್ಬಳೇ ಹೊರಡಬೇಕು ಅನ್ನುವುದು ಮೂವರಿಗೂ ಒಟ್ಟಿಗೇ ಅರ್ಥವಾಗಿತ್ತು.

ಮನೆಗೆ ಬರುವಾಗ ಅಪ್ಪ ನಿಧಾನವಾಗಿ ಗಾಡಿ ಓಡಿಸಿದರು. 2015ರಿಂದ ಕ್ಯಾಲಿಫೋರ್ನಿಯಾ ನಮ್ಮಂಥವರಿಗೂ ಡ್ರೈವಿಂಗ್ ಲೈಸೆನ್ಸ್ ಕೊಡುತ್ತಿತ್ತು. ಅದರ ಮೇಲೆ "ಫೆಡರಲ್ ಲಿಮಿಟ್ಸ್ ಅಪ್ಲೈ", ಕೇಂದ್ರ ಸರ್ಕಾರದ ಮಿತಿಗಳು ಅನ್ವಯಿಸುತ್ತವೆ, ಅಂತ ಅಚ್ಚಾಗಿರುತ್ತದೆ. ಅದು ಕೈಗೆ ಬಂದ ದಿನ ಅಪ್ಪ ದೇವರ ಮುಂದಿಟ್ಟು ಕುಂಕುಮ ಹಚ್ಚಿದ್ದರು. ನನಗೂ ಆ ರಾಜ್ಯ ಏನೂ ಕೊಡಲಿಲ್ಲ ಅನ್ನಲಾರೆ. ಅಲ್ಲಿ ಹೈಸ್ಕೂಲು ಓದಿದವರಿಗೆ ಕಾಗದ ಇಲ್ಲದಿದ್ದರೂ ರಾಜ್ಯದ ಮಕ್ಕಳ ಶುಲ್ಕವೇ ಅನ್ನುವ ಕಾನೂನು 2001ರಿಂದ ಇದೆ. ಅದರಿಂದಲೇ ಡೇವಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ನನಗೆ ಸೀಟು ಸಿಕ್ಕಿತ್ತು, ಸಸ್ಯವಿಜ್ಞಾನಕ್ಕೆ. ಸೆಪ್ಟೆಂಬರಿನಲ್ಲಿ ತರಗತಿ. ಓದಬಹುದಿತ್ತು. ಓದಿ ಮುಗಿಸಿದ ಮೇಲೆ ಕೆಲಸ ಮಾಡುವಂತಿರಲಿಲ್ಲ.

ಸಂಜೆ ಗೆಳತಿ ಬಂದಳು. ಮೆಕ್ಸಿಕೋದಲ್ಲಿ ಹುಟ್ಟಿದವಳು, ನಾಲ್ಕು ವರ್ಷದವಳಿದ್ದಾಗ ಬಂದವಳು, ಡಾಕಾ ಇತ್ತು. "ಹೋಗಬೇಡ. ನಾವು ಒಬ್ಬೊಬ್ಬರೇ ಹೊರಟುಹೋದರೆ ಇಲ್ಲಿ ಜಗಳ ಮಾಡುವವರು ಯಾರು ಉಳಿಯುತ್ತಾರೆ?" ಅಂದಳು. ಅವಳ ಮಾತು ಸರಿ ಅಂತ ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ. ಅವಳಿಗೆ ಉತ್ತರ ಕೊಡಲಿಲ್ಲ. ಮೆಟ್ಟಿಲ ಮೇಲೆ ಕತ್ತಲಾಗುವವರೆಗೆ ಕೂತಿದ್ದೆವು.

ರಾತ್ರಿ ಒಂಬತ್ತಕ್ಕೆ ಅಮ್ಮಮ್ಮನಿಗೆ ಫೋನು ಮಾಡಿದೆ. ಬಸ್ರೂರಿನಲ್ಲಿ ಭಾನುವಾರ ಬೆಳಗಿನ ಒಂಬತ್ತೂವರೆ. ಹಿಂದೆ ಮಳೆ ಹೊಡೆಯುತ್ತಿದ್ದ ಸದ್ದು. "ಉಂಡ್ಯಾ ಮಗಾ?" ಅಂದಳು. ಎಲ್ಲ ಹೇಳಿದೆ. ಅವಳು ಖುಷಿಯಿಂದ ಬಾ ಬಾ ಅನ್ನುತ್ತಾಳೆ, ಆಮೇಲೆ ನನಗೆ ಸುಲಭವಾಗುತ್ತದೆ ಅಂದುಕೊಂಡಿದ್ದೆ. ಅವಳು ಸುಮಾರು ಹೊತ್ತು ಸುಮ್ಮನಿದ್ದು ಅಂದಳು, "ನನ್ ಸಲುವಾಗಿ ಬರ್ಬ್ಯಾಡ ಮಗಾ. ನಾನ್ ಇವತ್ತ್ ಇದ್ದೆ, ನಾಳೆ ಇಲ್ಲೆ. ನಿಂಗ್ ಬರ್ಕ್ ಅಂದ್ ಕಂಡ್ರೆ ಬಾ."

ಫೋನಿಟ್ಟ ಮೇಲೆ ಅಡುಗೆಮನೆಯ ಮೇಜಿಗೆ ಬಂದು ಕೂತೆ. ನನಗೆ ಬರಬೇಕು ಅನ್ನಿಸಿತ್ತೇ? ಊರು ಅಂದರೆ ನನಗೆ ನೆನಪಿದ್ದದ್ದು ನಾಲ್ಕನೇ ಕ್ಲಾಸಿನ ಬೆಂಚು, ಹೊಳೆಯ ಉಪ್ಪು ಗಾಳಿ, ಬಾವಿಕಟ್ಟೆಯ ಪಾಚಿ. ಅಷ್ಟರಲ್ಲಿ ಬದುಕು ಕಟ್ಟಲಾಗುವುದಿಲ್ಲ. ಆದರೆ ಇಲ್ಲಿ ನಾನು ಕಾಯುತ್ತಿದ್ದ ಪ್ರತಿಯೊಂದು ದಿನಾಂಕವೂ ಬೇರೆಯವರ ಕೈಯಲ್ಲಿತ್ತು: ಅಧ್ಯಕ್ಷರದ್ದು, ಕೋರ್ಟಿನದ್ದು, ಏಳು ವರ್ಷದ ತಮ್ಮನ ವಯಸ್ಸಿನದ್ದು. ಆಗಸ್ಟ್ 17ರೊಳಗೆ ಹೊರಡುವುದೊಂದೇ ನನ್ನ ಕೈಯಲ್ಲಿದ್ದದ್ದು. ಅದು ದಾಟಿದರೆ ಅಮ್ಮನ ಹಾಗೆ ನಾನೂ ಊರಿನ ಸಾವು ಮದುವೆಗಳನ್ನು ಫೋನಿನಲ್ಲೇ ಕೇಳುವವಳಾಗುತ್ತಿದ್ದೆ.

"ನಾನು ಹೋಗುತ್ತೇನೆ," ಅಂದೆ. ಅಮ್ಮ ನನ್ನ ತಲೆ ಎದೆಗೊತ್ತಿಕೊಂಡಳು. ಅಪ್ಪ ಎದ್ದು ಹೋಗಿ, ಅಷ್ಟು ಹೊತ್ತಿನಲ್ಲಿ, ನನಗೊಂದು ದೋಸೆ ಹೊಯ್ದು ತಂದರು.

ಆಮೇಲಿನದೆಲ್ಲ ಓಡಾಟ. ಪಾಸ್‌ಪೋರ್ಟಿನ ಅವಧಿ 2012ಕ್ಕೇ ಮುಗಿದಿದ್ದರಿಂದ ಸ್ಯಾನ್ ಫ್ರಾನ್ಸಿಸ್ಕೋದ ಭಾರತದ ಕಾನ್ಸುಲೇಟಿನಿಂದ ಎಮರ್ಜೆನ್ಸಿ ಸರ್ಟಿಫಿಕೇಟ್ ಪಡೆದೆ. ಭಾರತಕ್ಕೆ ಒಂದೇ ಸಲ ಹೋಗಲಿಕ್ಕೆ ಇರುವ ಕಾಗದ ಅದು. ಬೇರೆ ದೇಶದಲ್ಲಿ ವಿಮಾನ ಬದಲಿಸುವ ತಾಪತ್ರಯ ಬೇಡವೆಂದು ದೆಹಲಿಗೆ ನೇರ ಹೋಗುವ ವಿಮಾನದ ಟಿಕೆಟ್. ಆಗಸ್ಟ್ 13. ನನ್ನ ಲೆಕ್ಕದಲ್ಲಿ 176ನೇ ದಿನ.

ವಿಮಾನ ನಿಲ್ದಾಣದಲ್ಲಿ ಯಾರಾದರೂ ಅಧಿಕಾರಿ ತಡೆದು ಒಂಬತ್ತು ವರ್ಷದ ಲೆಕ್ಕ ಕೇಳುತ್ತಾರೆ ಅಂತ ರಾತ್ರಿಯೆಲ್ಲ ಉತ್ತರ ಜೋಡಿಸಿಕೊಂಡಿದ್ದೆ. ಅಮೆರಿಕದಿಂದ ಹೊರಡುವವರಿಗೆ ಆಗ ಅಂಥ ಕೌಂಟರೇ ಇರಲಿಲ್ಲ. ಮುದ್ರೆ ಒತ್ತುವವರಿರಲಿಲ್ಲ. ವಿಮಾನ ಸಂಸ್ಥೆ ಕಳಿಸುವ ಪ್ರಯಾಣಿಕರ ಪಟ್ಟಿಯಿಂದಲೇ ಹೋದದ್ದು ದಾಖಲಾಗುತ್ತಿತ್ತು. ಯಾರಿಗೆ ಹೆದರಿ ಅಷ್ಟು ವರ್ಷ ಬಾಗಿಲು ತಟ್ಟಿದರೆ ಉಸಿರು ಹಿಡಿಯುತ್ತಿದ್ದೆವೋ, ಅವರು ನಾನು ಹೊರಡುವುದನ್ನು ನೋಡಲಿಕ್ಕೂ ಇರಲಿಲ್ಲ. ತಮ್ಮ ಮಾತ್ರ ಗಾಜಿನಾಚೆ ಕೈ ಬೀಸುತ್ತಲೇ ಇದ್ದ.

ಈಗ ಅವನಿಗೆ ಹದಿನಾರು. 2030ಕ್ಕೆ ಎಷ್ಟು ದಿನ ಅಂತ ಅಪ್ಪ ಈಗಲೂ ಎಣಿಸುತ್ತಾರೆ. ನಾನು ಇಲ್ಲಿ ಊರಿಗೆ ಬಂದು ಪದವಿ ಮುಗಿಸಿದೆ, ಕೆಲಸದಲ್ಲಿದ್ದೇನೆ. ಹೊರಟ ದಿನಕ್ಕೆ ಸಾಕ್ಷಿಯಾಗಿ ಬೋರ್ಡಿಂಗ್ ಪಾಸನ್ನು ಜೋಪಾನವಾಗಿ ಇಟ್ಟುಕೊ ಅಂದಿದ್ದರು ವಕೀಲೆ. ಎರಡನೇ ಮಳೆಗಾಲದ ಹೊತ್ತಿಗೆ ಅದರ ಶಾಯಿ ಮಾಸತೊಡಗಿತ್ತು. ಕುಂದಾಪುರದ ಪೇಟೆಗೆ ಹೋಗಿ ಐದು ಜೆರಾಕ್ಸ್ ಮಾಡಿಸಿದೆ. ಅಂಗಡಿಯಾತ ಆ ಚೂರನ್ನು ಬೆಳಕಿಗೆ ಹಿಡಿದು, ಇದರಲ್ಲಿ ಓದಲಿಕ್ಕೆ ಏನೂ ಉಳಿದಿಲ್ಲವಲ್ಲ, ಎಂತಕ್ಕೆ ಅಂತ ಕೇಳಿದ.

"ತಾರೀಕು ಕಾಣುತ್ತಲ್ಲ, ಅಷ್ಟು ಸಾಕು," ಅಂದೆ.