ಮೂರು ಕೆಜಿಯ ಗುಂಡು

44 ವರ್ಷ ಬಿಟ್ಟು ಮತ್ತೆ ಗುಂಡು ಎಸೆತದ ಗುಂಡು ಕೈಗೆ ಬಂದಾಗ ಅದರ ಗುರುತು ಮೊದಲು ಹಿಡಿದದ್ದು ನನ್ನ ಕತ್ತು. ಬಲ ದವಡೆಯ ಕೆಳಗೊಂದು ಗುಳಿಯಿದೆ, ಗುಂಡು ಅಲ್ಲಿ ಕೂರಬೇಕು, ಮೊಣಕೈ ಇಳಿಬೀಳಬಾರದು. ಇದನ್ನು ಹೇಳಿಕೊಟ್ಟವಳು ಅಕ್ಕ, ಹಾಸನದಲ್ಲಿ, ಹೈಸ್ಕೂಲಿನ ಮೈದಾನದಲ್ಲಿ. ಅವಳು ನನಗಿಂತ ಎಷ್ಟೋ ದೂರ ಎಸೆಯುತ್ತಿದ್ದಳು. ಜಿಲ್ಲಾ ಮಟ್ಟಕ್ಕೆ ಹೋಗಿಬಂದ ಮರುವರ್ಷ ಅವಳ ಮದುವೆಯಾಯಿತು. ನಾನು ಪಿಯುಸಿವರೆಗೆ ಎಸೆದು ಬಿಟ್ಟೆ. ಬೇಡ ಅಂತ ಯಾರೂ ಅನ್ನಲಿಲ್ಲ. ಮುಂದುವರಿಸು ಅಂತಲೂ ಯಾರೂ ಅನ್ನಲಿಲ್ಲ.

ಮಗಳ ಮನೆ ಇರುವುದು ಟೊರೊಂಟೊ ಹತ್ತಿರದ ಮಿಲ್ಟನ್‌ನಲ್ಲಿ. ಬಂದ ಹೊಸತರಲ್ಲಿ ಮೊಮ್ಮಗನನ್ನು ಶಾಲೆಗೆ ಬಿಟ್ಟು ಎವರ್‌ಗ್ರೀನ್ ಸ್ಮಶಾನದ ಪಕ್ಕದ ದಾರಿಯಲ್ಲಿ ನಡೆದು ಬರುತ್ತಿದ್ದೆ. ಎಡ್ ವಿಟ್ಲಾಕ್ ಅನ್ನುವ ಹಿರಿಯ ಓಟಗಾರ ಅಭ್ಯಾಸ ಮಾಡುತ್ತಿದ್ದದ್ದು ಆ ಸ್ಮಶಾನದೊಳಗೆ ಅಂತ ಆಮೇಲೆ ಗೊತ್ತಾಯಿತು. ಗೋರಿಗಳ ನಡುವಿನ ದಾರಿಯಲ್ಲಿ ಗಂಟೆಗಟ್ಟಲೆ ಸುತ್ತು ಹಾಕುತ್ತಿದ್ದರಂತೆ. 70 ದಾಟಿದ ಮೇಲೆ 3 ಗಂಟೆಯೊಳಗೆ ಮ್ಯಾರಥಾನ್ ಮುಗಿಸಿದ ಮೊದಲಿಗ ಅವರು. ಆಗ 2003, ಅವರಿಗೆ 72. 85ನೇ ವಯಸ್ಸಿನಲ್ಲಿ ಟೊರೊಂಟೊದಲ್ಲಿ 4 ಗಂಟೆಯೊಳಗೆ ಓಡಿದರು, ಮುಂದಿನ ವರ್ಷ ತೀರಿಕೊಂಡರು. ಇದನ್ನು ತಿಳಿದ ದಿನ ರಾತ್ರಿ ಮಗಳನ್ನು ಕೇಳಿದೆ, ‘ಗುಂಡು ಎಸೆಯುವವರೂ ಇರ್ತಾರೇನೇ ಇಲ್ಲಿ?’

ಇದ್ದರು. ಮಾಸ್ಟರ್ಸ್ ಅಥ್ಲೆಟಿಕ್ಸ್ ಅನ್ನುತ್ತಾರೆ. 35 ತುಂಬಿದವರೆಲ್ಲ ಸೇರಬಹುದು, ಐದೈದು ವರ್ಷಕ್ಕೊಂದು ಗುಂಪು. ನನ್ನ ಜೊತೆ ಎಸೆಯುವವರು 60ರಿಂದ 64ರವರು. ವಯಸ್ಸಿಗೆ ತಕ್ಕಂತೆ ಗುಂಡಿನ ತೂಕವೂ ಇಳಿಯುತ್ತದೆ. ಹೆಂಗಸರಿಗೆ 49ರವರೆಗೆ 4 ಕೆಜಿ, 50ರಿಂದ 3, 75ರಿಂದ 2. ಅದನ್ನು ಓದಿ ಸುಮ್ಮನೆ ಕೂತುಬಿಟ್ಟೆ. ನಮ್ಮಲ್ಲಿ ವಯಸ್ಸಾಯಿತು ಅಂದರೆ ‘ನೀವು ಕೂತ್ಕೊಳ್ಳಿ, ನಾವು ಮಾಡ್ತೀವಿ’ ಅನ್ನುತ್ತಾರೆ. ಪ್ರೀತಿಯಿಂದಲೇ ಅನ್ನುತ್ತಾರೆ, ಗೊತ್ತು. ಇಲ್ಲಿ ಯಾರೋ ಕೂತು ಯೋಚಿಸಿ, ಸರಿ, 1 ಕೆಜಿ ಕಡಿಮೆ ಮಾಡೋಣ, ನೀವು ಎಸೆಯಿರಿ ಅಂದಿದ್ದಾರೆ. ಇವೆರಡರ ನಡುವಿನ ದೂರ ನನ್ನನ್ನು ಬಹಳ ದಿನ ಕಾಡಿತು.

ಮೊದಲ ವರ್ಷ ಆಸೆ ಹೆಚ್ಚಾಗಿ ದಿನಾ ಎಸೆದೆ. ಭುಜ ಹಿಡಿದುಕೊಂಡಿತು. ಎರಡು ತಿಂಗಳು ಜಡೆ ಹಾಕಿಕೊಳ್ಳಲೂ ಮಗಳೇ ಬೇಕಾಯಿತು. ಈಗ ಒಮ್ಮೆ ಎಸೆದರೆ ಎರಡು ದಿನ ಬಿಡುವು. ನಡುವೆ ಕಾಲು, ಸೊಂಟಕ್ಕೆ ತೂಕದ ವ್ಯಾಯಾಮ. ಗುಂಡು ಹೋಗುವುದು ಕೈಯಿಂದಲ್ಲ, ಕಾಲಿನಿಂದ. ಅಕ್ಕ ಆಗಲೇ ಹೇಳಿದ್ದಳು.

ಹೋದ ಮಾರ್ಚ್‌ನ ಕೂಟದ ಬಗ್ಗೆ ಹೇಳಲೇಬೇಕು. ಯಾರ್ಕ್ ವಿಶ್ವವಿದ್ಯಾಲಯದ ಒಳಾಂಗಣ ಅದು, ಹೊರಗೆ ಇನ್ನೂ ಹಿಮ. ಒಳಾಂಗಣದ ಗುಂಡಿನ ಮೇಲೆ ಮೆತ್ತನೆ ಹೊದಿಕೆ ಇರುತ್ತದೆ, ನೆಲ ಒಡೆಯದಿರಲಿ ಅಂತ. ವೃತ್ತದ ಅಗಲ 2.135 ಮೀಟರ್. ಮುಂದೆ ಬಿಳಿ ಹಲಗೆ. ಕಾಲು ಹಲಗೆಯ ಒಳಬದಿಗೆ ತಾಗಿದರೆ ಅಡ್ಡಿಯಿಲ್ಲ, ಮೇಲೆ ಬಿದ್ದರೆ ಫೌಲ್. ಎಸೆದ ಮೇಲೆ ವೃತ್ತದ ಹಿಂಭಾಗದಿಂದಲೇ ಹೊರಬರಬೇಕು. ಮೊದಲ ಎಸೆತದಲ್ಲಿ ಖುಷಿಗೆ ಮುಂದಿನಿಂದಲೇ ಹೊರಟೆ, ಕೆಂಪು ಬಾವುಟ ಎದ್ದಿತು. ಎರಡನೆಯದು ಸಾಧಾರಣ. ಮೂರನೆಯದಕ್ಕೆ ಕಣ್ಣು ಮುಚ್ಚಿ ನಿಂತೆ. ಹಾಸನದ ಮೈದಾನದ ಕೆಂಪು ಮಣ್ಣು, ‘ಕಾಲೇ, ಕಾಲೇ’ ಅನ್ನುವ ಅಕ್ಕನ ದನಿ. ಬೆರಳು ಬಿಟ್ಟ ಕೂಡಲೇ ಗೊತ್ತಾಯಿತು, ಇದು ಹೋಗುತ್ತದೆ ಅಂತ.

ಬಿಳಿ ಬಾವುಟ. ಟೇಪು ಹಿಡಿದಿದ್ದ ಹಿರಿಯರು ಮೊಣಕಾಲೂರಿ ಗುರುತಿನ ಅಂಚಿಗೆ ಅದರ ತುದಿ ಇಟ್ಟರು, ಇನ್ನೊಬ್ಬರು ವೃತ್ತದ ಕಡೆಯಿಂದ ಓದಿದರು. ಅರ್ಧ ಸೆಂಟಿಮೀಟರ್ ಹೆಚ್ಚಿದ್ದರೂ ಬಿಟ್ಟು ಕೆಳಗಿನ ಅಂಕಿಯನ್ನೇ ಬರೆಯುವುದು ನಿಯಮ. 6.41 ಮೀಟರ್. ನಾಲ್ಕನೇ ಸ್ಥಾನ, ಪದಕವಿಲ್ಲ. ಆದರೆ ಅಷ್ಟು ಜೋಪಾನವಾಗಿ, ಸೆಂಟಿಮೀಟರ್ ಲೆಕ್ಕದಲ್ಲಿ, ನನ್ನ ಕೆಲಸವನ್ನು ಯಾರೂ ಅಳೆದಿರಲಿಲ್ಲ. ಎಷ್ಟು ಜನಕ್ಕೆ ಎಷ್ಟು ವರ್ಷ ಅಡುಗೆ ಮಾಡಿ ಬಡಿಸಿದ್ದೇನೆ, ಅದಕ್ಕೆ ಯಾವ ಟೇಪೂ ಇರಲಿಲ್ಲ.

ಆಮೇಲೆ ಆ ಹಿರಿಯರ ಜೊತೆ ಚಹಾ ಕುಡಿದೆ. ಮಾಸ್ಟರ್ಸ್‌ನವರ ಮೊದಲ ವಿಶ್ವ ಅಥ್ಲೆಟಿಕ್ಸ್ ಕೂಟ ನಡೆದದ್ದು 1975ರಲ್ಲಿ, ಇದೇ ಟೊರೊಂಟೊದಲ್ಲಿ ಅಂದರು. ನಾನು ಅವರಿಗೆ ನಮ್ಮ ದೇಶದ ಓಟಗಾರ್ತಿ ಮಾನ್ ಕೌರ್ ಬಗ್ಗೆ ಹೇಳಿದೆ. 2017ರಲ್ಲಿ ಆಕ್ಲೆಂಡ್‌ನಲ್ಲಿ 100 ಮೀಟರ್ ಓಡಿ ಚಿನ್ನ ಗೆದ್ದಾಗ ಆಕೆಗೆ 101. ಅವರಿಗೆ ಅದು ಮೊದಲೇ ಗೊತ್ತಿತ್ತು, ಸಮಯ 74 ಸೆಕೆಂಡ್ ಅನ್ನುವುದೂ ಸೇರಿ.

ಇಲ್ಲಿನವರು ಹುಟ್ಟುಹಬ್ಬಕ್ಕೆ ಕಾಯುತ್ತಾರೆ. 65 ಆದರೆ ಹೊಸ ಗುಂಪು, ಅದರಲ್ಲಿ ನೀವೇ ಚಿಕ್ಕವರು. ನಾನೂ ಕಾಯುತ್ತಿದ್ದೇನೆ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡದ್ದು ಜೂನ್ 1, ಪಾಸ್‌ಪೋರ್ಟ್‌ನಲ್ಲೂ ಅದೇ. ನಾನು ಹುಟ್ಟಿದ್ದು ಗೌರಿ ಹಬ್ಬದ ಹಿಂದಿನ ರಾತ್ರಿ ಅಂತ ಅವ್ವ ಹೇಳುತ್ತಿದ್ದಳು. ಆ ಎರಡು ಮೂರು ತಿಂಗಳು ಮೇಷ್ಟ್ರು ನನಗೆ ಕೊಟ್ಟ ಉಡುಗೊರೆ ಅಂದುಕೊಂಡಿದ್ದೇನೆ.

ಅಕ್ಕನಿಗೆ ಫೋನಿನಲ್ಲಿ 6.41 ಅಂದಾಗ ಮೊದಲು ಬೈದಳು. ‘ಈ ವಯಸ್ಸಲ್ಲಿ ಬಿದ್ದು ಸೊಂಟ ಮುರ್ಕೊಂಡ್ರೆ ಯಾರು ನೋಡ್ತಾರೆ?’ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು, ‘ಮೊಣಕೈ ಮೇಲಿತ್ತಾ?’

ಡಿಸೆಂಬರ್‌ನಲ್ಲಿ ಊರಿಗೆ ಬರುತ್ತಿದ್ದೇನೆ. ಪೆಟ್ಟಿಗೆಯ ತಳದಲ್ಲಿ, ಎರಡು ಸೀರೆಯ ನಡುವೆ ಗುಂಡು ಸುತ್ತಿಟ್ಟಿದ್ದೇನೆ, ಪಕ್ಕದಲ್ಲಿ ಟೇಪು. ಅಕ್ಕನಿಗೆ ಈಗ 68. ಅವಳದ್ದೂ 3 ಕೆಜಿಯೇ.