ಕಿಸೆಯಿಲ್ಲದ ಅಂಗಿ

ಸ್ಟುಟ್‌ಗಾರ್ಟಿನ ಚಳಿಗೆಂದು ಹೋದ ವಾರ ಕೊಂಡ ಜಾಕೆಟ್ಟಿಗೆ ಎಂಟು ಕಿಸೆ. ರೆಸಿಡೆನ್ಸ್ ಕಾರ್ಡು ಒಂದರಲ್ಲಿ, ಟ್ರೇನ್ ಪಾಸು ಇನ್ನೊಂದರಲ್ಲಿ, ಕೀಲಿ ಯಾವುದರಲ್ಲೋ. ಬಾಗಿಲ ಮುಂದೆ ನಿಂತು ಎಂಟನ್ನೂ ತಡಕಾಡುವಾಗ ನಮ್ಮ ವಿಜಯಪುರದ ಸಿದ್ಧೇಶ್ವರ ಸ್ವಾಮಿಗಳು, ನಾವೆಲ್ಲ ‘ಅಪ್ಪಾರು’ ಅನ್ನುವವರು, ನೆನಪಾದರು. ಅವರ ಬಿಳಿ ಅಂಗಿಗೆ ಒಂದೂ ಕಿಸೆ ಇರಲಿಲ್ಲ.

ನನಗಾಗ ಎಂಟೊಂಬತ್ತು ವರ್ಷ. ನಸುಕಿನ ಪ್ರವಚನಕ್ಕೆ ಅಪ್ಪ ಸೈಕಲ್ ಮೇಲೆ ಕೂರಿಸಿಕೊಂಡು ಒಯ್ಯುತ್ತಿದ್ದ. ಅಷ್ಟು ಮಂದಿ ಕೂತಿದ್ದರೂ ಒಬ್ಬರು ಕೆಮ್ಮಿದರೆ ಎಲ್ಲರಿಗೂ ಕೇಳಿಸುತ್ತಿತ್ತು. ಕಾವಿ ಇಲ್ಲ, ಕಿರೀಟ ಇಲ್ಲ, ಪಲ್ಲಕ್ಕಿ ಇಲ್ಲ; ಸ್ವಾಮಿಗಳು ಎಲ್ಲಿ ಅಂತ ನಾನು ಹುಡುಕುತ್ತಿರುವಾಗಲೇ ಮಾತು ಶುರುವಾಗಿತ್ತು. ದನಿ ಏರಿಸದ ಮಾತು. ನನಗೆ ತಿಳಿದದ್ದು ಅಷ್ಟಕ್ಕಷ್ಟೇ. ಕಣ್ಣೆಲ್ಲ ಅಂಗಿಯ ಮೇಲೆ.

“ಅಪ್ಪಾ, ಅವ್ರು ರೊಕ್ಕ ಎಲ್ಲಿ ಇಟ್ಕೋತಾರ?”

“ತಗೊಂಡ್ರ ಅಲ್ಲೇನು ಇಡೂದು? ಸುಮ್ನ ಕೇಳು.”

ಬಿಜ್ಜರಗಿಯ ರೈತರ ಮನೆಯಿಂದ ಬಂದು, ತತ್ವಶಾಸ್ತ್ರದಲ್ಲಿ ಎಂ.ಎ. ಮಾಡಿ, ಜ್ಞಾನಯೋಗಾಶ್ರಮದಲ್ಲಿ ಬಾಳಿದವರು. 2018ರಲ್ಲಿ ಪದ್ಮಶ್ರೀ ಬಂದಾಗ ಪ್ರಧಾನಿಗೆ ವಿನಯದಿಂದಲೇ ಪತ್ರ ಬರೆದು ಬೇಡವೆಂದರು. ನಾನು ಆಫೀಸಿನಲ್ಲಿ ‘ತಿಂಗಳ ಉದ್ಯೋಗಿ’ ಫಲಕ ತಪ್ಪಿತೆಂದು ಹಲ್ಲು ಕಡಿಯುತ್ತಿದ್ದ ವರ್ಷ ಅದು.

2023ರ ಜನವರಿ 2, ವೈಕುಂಠ ಏಕಾದಶಿ. ಇಲ್ಲಿನ್ನೂ ಮಧ್ಯಾಹ್ನ. ಅವ್ವನ ಫೋನು ಬಂತು. “ಅಪ್ಪಾರು ಹೋದ್ರಪಾ” ಅಂದವಳು ಮುಂದೆ ಮಾತಾಡಲಿಲ್ಲ. ಮರುದಿನ ರಜೆ ಹಾಕಿ ಫೋನ್ ಹಿಡಿದು ಕೂತೆ. ಸೈನಿಕ ಶಾಲೆಯ ಮೈದಾನದಲ್ಲಿ ಮುಗಿಯದ ಸಾಲು, ಆಮೇಲೆ ಆಶ್ರಮದಲ್ಲಿ ಚಿತೆ. ನಮ್ಮ ಕಡೆ ಸ್ವಾಮಿಗಳನ್ನು ಮಣ್ಣಿಗಿಟ್ಟು ಗದ್ದುಗೆ ಕಟ್ಟುವುದು ರೂಢಿ. ಇವರು 2014ರಲ್ಲೇ ಬರೆದಿಟ್ಟಿದ್ದರು: ದೇಹ ಬೆಂಕಿಗೆ, ಬೂದಿ ನದಿಗೋ ಸಮುದ್ರಕ್ಕೋ, ಶ್ರಾದ್ಧ ಬೇಡ, ಸ್ಮಾರಕ ಬೇಡ. ಅಷ್ಟು ಬರೆದಿಟ್ಟರೂ ನಮ್ಮ ಓಣಿಯ ಹುಡುಗರು ಫ್ಲೆಕ್ಸ್ ಕಟ್ಟದೆ ಬಿಡಲಿಲ್ಲ. ಅವರನ್ನೇನು ಅನ್ನುವುದು, ನಾನೂ ಮೂರು ದಿನ ಸ್ಟೇಟಸ್ ಹಾಕಿದವನೇ.

ಹೋದ ಬೇಸಿಗೆಯಲ್ಲಿ ಊರಿಗೆ ಹೋದಾಗ ಮಗಳನ್ನು ಆಶ್ರಮಕ್ಕೆ ಕರೆದೊಯ್ದೆವು. ಜರ್ಮನಿಯಲ್ಲೇ ಹುಟ್ಟಿ ಬೆಳೆದ ಕೂಸು. ಕನ್ನಡ ಬರುತ್ತದೆ, ತಡೆತಡೆದು. ನನ್ನ ಅವ್ವನನ್ನು ಕೇಳಿದಳು:

“ಆಯಿ, ಅವರ ಗದ್ದುಗೆ ಎಲ್ಲಿ? ನಮಸ್ಕಾರ ಮಾಡ್ಬೇಕು.”

“ಗದ್ದಿಗಿ ಇಲ್ಲವಾ. ಇಲ್ಲೇ ಗಿಡದ ನೆಳ್ಳಾಗ ತುಸು ಸುಮ್ನ ಕುಂಡ್ರು.”

ಮಗಳು ಕೂತಳು. ಎರಡು ನಿಮಿಷ ಕಳೆದಿರಬೇಕು, ನನ್ನ ಕಿಸೆಗೆ ಕೈ ಹಾಕಿ ಫೋನು ಎಳೆದುಕೊಂಡಳು.