ಎರೆ ಮಣ್ಣಿನ ಪಾಯಕ್ಕೆ ಮರಳು ತುಂಬಬೇಡಿ

ದಾವಣಗೆರೆಯಲ್ಲಿ ನಮ್ಮ ಸೋದರಮಾವನ ಮನೆ ಇದೆ. ಅಡುಗೆಮನೆ ಮೂಲೆಯ ಗೋಡೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿದ ಒಂದು ಬಿರುಕು. ಮೇ ತಿಂಗಳಲ್ಲಿ ಅದರೊಳಗೆ ನಾಣ್ಯ ತೂರುತ್ತಿತ್ತು, ಮಳೆಗಾಲ ಮುಗಿಯುವ ಹೊತ್ತಿಗೆ ಕೂದಲೆಳೆಯಷ್ಟಾಗುತ್ತಿತ್ತು. ಮಾವ ಪ್ರತಿ ದೀಪಾವಳಿಗೆ ಪುಟ್ಟಿ ಹಚ್ಚಿಸಿ ಬಣ್ಣ ಹೊಡೆಸುವುದು, ಯುಗಾದಿ ಕಳೆಯುತ್ತಿದ್ದಂತೆ ಅದು ಮತ್ತೆ ಬಾಯಿ ಬಿಡುವುದು. "ಅಳಿಯಾ, ಸಿಮೆಂಟ್ ಕಮ್ಮಿ ಹಾಕಿದಾರೇನೋ ನೋಡು" ಅಂತ ನನ್ನನ್ನು ಕರೆದರು. ನಾನು ಸಿವಿಲ್ ಓದಿದವನು, ಹತ್ತು ವರ್ಷದಿಂದ ರಸ್ತೆ ಕೆಲಸದಲ್ಲಿದ್ದೇನೆ. ಗೋಡೆಯನ್ನು ಆಮೇಲೆ ನೋಡೋಣ ಮಾವ, ಮೊದಲು ನೆಲ ನೋಡೋಣ ಅಂದೆ.

ಆ ಮೂಲೆಯಲ್ಲಿ ಪಾಯದ ಪಕ್ಕ ಗುಂಡಿ ತೆಗೆಸಿದೆವು. ಮೇಲಿನಿಂದ ಎರಡು ಮೀಟರ್ ದಾಟಿದರೂ ಕಪ್ಪು ಎರೆ ಮಣ್ಣು. ಪಾಯದ ಅಡಿಗೆ ಮತ್ತು ಪಕ್ಕಕ್ಕೆ ಒಂದೂವರೆ ಅಡಿ ಮರಳು ತುಂಬಿದ್ದರು, ಆ ಮರಳು ನೀರಲ್ಲಿ ನೆನೆದು ಕೂತಿತ್ತು. ಮನೆ ಕಟ್ಟಿದವರು ಮೋಸ ಮಾಡಿರಲಿಲ್ಲ. ಎರೆ ಮಣ್ಣು ಕೆಟ್ಟದ್ದು, ಅದನ್ನು ತೆಗೆದು ಮರಳು ಹಾಕಿದರೆ ಗಟ್ಟಿ ಅಂತ ನಂಬಿ, ದುಡ್ಡು ಖರ್ಚು ಮಾಡಿಯೇ ಹಾಕಿದ್ದರು. ನಮ್ಮ ಕಡೆ ಎಷ್ಟೋ ಜನ ಹಾಗೇ ಮಾಡುತ್ತಾರೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಎರೆ ಮಣ್ಣಿನಲ್ಲಿ ಮಾಂಟ್‌ಮೊರಿಲ್ಲೊನೈಟ್ ಅನ್ನುವ ಜೇಡಿ ಖನಿಜ ಜಾಸ್ತಿ. ಪುಸ್ತಕದ ಹಾಳೆಗಳ ಹಾಗೆ ತೆಳು ಪದರಗಳು ಒಂದರ ಮೇಲೊಂದು. ನೀರು ಸಿಕ್ಕರೆ ಹಾಳೆಗಳ ನಡುವೆ ನುಗ್ಗುತ್ತದೆ, ಮಣ್ಣು ಉಬ್ಬುತ್ತದೆ. ಒಣಗಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಜಗಳೂರು ಕಡೆ ಹೊಲಕ್ಕೆ ಹೋದರೆ ನೆಲದ ಬಿರುಕಿನೊಳಗೆ ಮೊಣಕೈವರೆಗೆ ಕೈ ಇಳಿಯುತ್ತದೆ, ನೀವೂ ನೋಡಿರುತ್ತೀರಿ ಅಲ್ವಾ. ಹತ್ತಿ ಬೆಳೆಗೆ ಒಳ್ಳೆಯದಾದ ಆ ಗುಣವೇ, ನೀರು ಹಿಡಿದಿಟ್ಟುಕೊಳ್ಳುವ ಗುಣ, ಮನೆಗೆ ತೊಂದರೆ. ಅದರಲ್ಲೂ ಹಗುರವಾದ ಕಟ್ಟಡಕ್ಕೆ. ಉಬ್ಬುವ ಮಣ್ಣು ಮೇಲಕ್ಕೆ ಒತ್ತುವ ಬಲ ಒಂದಂತಸ್ತಿನ ಮನೆಯ ಭಾರಕ್ಕಿಂತ ಜಾಸ್ತಿ ಇರಬಹುದು, ಹಾಗಾಗಿಯೇ ಮೊದಲು ಬಿರುಕು ಬಿಡುವುದು ಕಾಂಪೌಂಡ್ ಗೋಡೆ, ಸಣ್ಣ ಮನೆ, ಕಾಲುವೆಯ ಲೈನಿಂಗ್.

ಈಗ ಮರಳಿನ ವಿಷಯ. ಎರೆ ಮಣ್ಣಿನೊಳಗೆ ನೀರು ಬಹಳ ನಿಧಾನ ಇಳಿಯುತ್ತದೆ, ಮರಳಿನೊಳಗೆ ಸರಕ್ಕನೆ ಇಳಿಯುತ್ತದೆ. ಎರೆ ಮಣ್ಣಿನ ಮಧ್ಯೆ ಮರಳಿನ ಗುಂಡಿ ಮಾಡಿದರೆ ಮನೆ ಅಡಿಗೆ ಒಂದು ತೊಟ್ಟಿ ಕಟ್ಟಿದ ಹಾಗೆ. ಮಳೆ ನೀರು ಬಂದು ಅಲ್ಲೇ ನಿಲ್ಲುತ್ತದೆ, ಸುತ್ತಲಿನ ಮಣ್ಣಿಗೆ ತಿಂಗಳುಗಟ್ಟಲೆ ಕುಡಿಸುತ್ತಾ ಇರುತ್ತದೆ. ಮಾವನ ಮನೆಯಲ್ಲಿ ಇದರ ಜೊತೆಗೆ ಬಚ್ಚಲಿನ ಪೈಪಿನ ಜಾಯಿಂಟ್ ಸೋರುತ್ತಿತ್ತು. ಬಚ್ಚಲ ಕಡೆ ಮಣ್ಣು ಸದಾ ಹಸಿ, ಬಿಸಿಲು ಬೀಳುವ ಅಡುಗೆಮನೆ ಮೂಲೆ ಬೇಸಿಗೆಯಲ್ಲಿ ಒಣಗಿ ಕುಗ್ಗಿ ಕೆಳಗೆ ಹೋಗುತ್ತಿತ್ತು. ಇಡೀ ಮನೆ ಒಟ್ಟಿಗೆ ಏರಿ ಒಟ್ಟಿಗೆ ಇಳಿದರೆ ಗೋಡೆ ತಡೆದುಕೊಳ್ಳುತ್ತದೆ, ಒಂದು ಮೂಲೆ ಮಾತ್ರ ಇಳಿದರೆ ಸೀಳದೆ ಇನ್ನೇನು ಮಾಡೀತು?

ಗುಂಡಿಯ ಮಣ್ಣನ್ನು ಗೆಳೆಯನ ಲ್ಯಾಬಿಗೆ ಒಯ್ದೆ. ಪರೀಕ್ಷೆ ಬಹಳ ಸರಳ. 425 ಮೈಕ್ರಾನ್ ಜರಡಿಯಲ್ಲಿ ಸೋಸಿದ ಒಣ ಮಣ್ಣು 10 ಗ್ರಾಂ ಒಂದು ಅಳತೆಯ ಜಾಡಿಗೆ, ಇನ್ನು 10 ಗ್ರಾಂ ಮತ್ತೊಂದಕ್ಕೆ. ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ. ಸೀಮೆಎಣ್ಣೆಯಲ್ಲಿ ಈ ಜೇಡಿ ಉಬ್ಬುವುದಿಲ್ಲ, ಹಾಗಾಗಿ ಅದು ಹೋಲಿಕೆಗೆ. 24 ಗಂಟೆ ಬಿಟ್ಟು ನೋಡಿದರೆ ಸೀಮೆಎಣ್ಣೆಯ ಜಾಡಿಯಲ್ಲಿ ಮಣ್ಣು 10 ಮಿಲಿ, ನೀರಿನ ಜಾಡಿಯಲ್ಲಿ 19. ಅಂದರೆ ಶೇ. 90 ಉಬ್ಬಿದೆ. ಹೆದ್ದಾರಿ ಕೆಲಸದಲ್ಲಿ ಶೇ. 50 ದಾಟಿದ ಮಣ್ಣನ್ನು ಏರಿಗೆ ಹಾಕುವ ಹಾಗೇ ಇಲ್ಲ. ಮಾವನಿಗೆ ಎರಡೂ ಜಾಡಿ ಪಕ್ಕಪಕ್ಕ ಇಟ್ಟು ತೋರಿಸಿದೆ. ಸಿಮೆಂಟಿನ ಮಾತು ಅಲ್ಲಿಗೆ ನಿಂತಿತು.

ಮಣ್ಣು ಗಟ್ಟಿ ಮಾಡುವ ವಿಧಾನ ಬಹಳ ಇವೆ, ಆದರೆ ಎಲ್ಲಾ ಮಣ್ಣಿಗೂ ಎಲ್ಲವೂ ಅಲ್ಲ. ಸಮುದ್ರದ ದಂಡೆಯ ಮೆತ್ತನೆ ಜೇಡಿಯಲ್ಲಿ ನೀರು ತುಂಬಿಕೊಂಡಿರುತ್ತದೆ, ಭಾರ ಬಿದ್ದರೆ ನಿಧಾನವಾಗಿ ಕುಸಿಯುತ್ತದೆ. ಅಲ್ಲಿ ನೆಲದೊಳಗೆ ಬತ್ತಿಯಂತಹ ಡ್ರೈನ್‌ಗಳನ್ನು ಇಳಿಸಿ, ಮೇಲೆ ಮಣ್ಣಿನ ದಿಬ್ಬ ಹೇರಿ, ತಿಂಗಳುಗಟ್ಟಲೆ ಕಾದು ನೀರು ಹಿಂಡುತ್ತಾರೆ. ಇಲ್ಲವೇ ಜೆಲ್ಲಿ ಕಲ್ಲಿನ ಕಂಬಗಳನ್ನು ಇಳಿಸುತ್ತಾರೆ. ನಮ್ಮ ಎರೆ ಮಣ್ಣಿನಲ್ಲಿ ಮಾಡಬೇಕಾದ್ದು ನೀರು ಹಿಂಡುವ ಕೆಲಸ ಅಲ್ಲ, ವರ್ಷಪೂರ್ತಿ ತೇವ ಒಂದೇ ಮಟ್ಟದಲ್ಲಿ ಇರುವ ಹಾಗೆ ನೋಡಿಕೊಳ್ಳುವುದು. ಅದು ಆಗದಿದ್ದರೆ ಮಣ್ಣಿನ ಗುಣವನ್ನೇ ಬದಲಿಸಬೇಕು, ಅದೂ ಆಗದಿದ್ದರೆ ಆ ಪದರ ದಾಟಿ ಕೆಳಗೆ ಹೋಗಬೇಕು.

ಗುಣ ಬದಲಿಸಲು ಸುಣ್ಣದಷ್ಟು ಚೆನ್ನಾಗಿರುವುದು ಇಲ್ಲ. ನಾನು ಇದನ್ನು ಕಣ್ಣಾರೆ ಕಂಡೆ. ಎರೆ ಭೂಮಿಯ ಒಂದು ಹಳ್ಳಿ ರಸ್ತೆ, ಮಳೆ ಬಂದರೆ ಟ್ರ್ಯಾಕ್ಟರ್ ಹೂತುಹೋಗುತ್ತಿದ್ದ ದಾರಿ. ಲ್ಯಾಬಿನಲ್ಲಿ ನೋಡಿ ಶೇ. 4 ಸುಣ್ಣ ಅಂತ ತೀರ್ಮಾನ ಆಯಿತು (ಸಾಮಾನ್ಯವಾಗಿ ಶೇ. 3ರಿಂದ 8ರ ಒಳಗೆ ಬರುತ್ತದೆ). ಮೊದಲ ದಿನ ರೋಟವೇಟರಿಗೆ ಮಣ್ಣು ಕಣಕದ ಹಾಗೆ ಮೆತ್ತಿಕೊಳ್ಳುತ್ತಿತ್ತು. ಸುಣ್ಣ ಕಲಸಿ, ನೀರು ಹಾಕಿ, ಎರಡು ದಿನ ಸುಮ್ನೆ ಬಿಟ್ಟೆವು. ಮೂರನೇ ದಿನ ಮುಷ್ಟಿಯಲ್ಲಿ ಹಿಡಿದರೆ ಅದೇ ಮಣ್ಣು ರವೆಯ ಹಾಗೆ ಉದುರಿತು! ಸುಣ್ಣದ ಕ್ಯಾಲ್ಸಿಯಂ ಜೇಡಿಯ ಹಾಳೆಗಳಿಗೆ ಅಂಟಿಕೊಂಡು ಅವನ್ನು ಗುಂಪು ಗುಂಪು ಮಾಡಿತ್ತು. ಆಮೇಲೆ ಮತ್ತೊಮ್ಮೆ ಕಲಸಿ, ತೇವ ಹದ ನೋಡಿ, ರೋಲರ್ ಓಡಿಸಿದೆವು. ಗಟ್ಟಿಯಾಗುವ ಎರಡನೇ ಕೆಲಸ ಒಳಗೆ ತಿಂಗಳುಗಟ್ಟಲೆ ನಡೆಯುತ್ತದೆ, ಸುಣ್ಣವೂ ಮಣ್ಣಿನ ಸಿಲಿಕಾವೂ ಸೇರಿ ಸಿಮೆಂಟಿನಂತಹ ಅಂಟು ಆಗುತ್ತದೆ. ಆದರೆ ಸುಣ್ಣ ಹೊಸದಿರಬೇಕು. ಚೀಲ ಒಡೆದು ಗಾಳಿಗೆ ಬಿದ್ದಿದ್ದ ಸುಣ್ಣ ಹಾಕಿದರೆ ಅದು ಆಗಲೇ ಅರ್ಧ ಸುಣ್ಣದ ಕಲ್ಲಾಗಿರುತ್ತದೆ, ಏನೂ ಪ್ರಯೋಜನ ಇಲ್ಲ. ಮಣ್ಣಿನಲ್ಲಿ ಜಿಪ್ಸಂ ಇದ್ದರೆ ಸುಣ್ಣವೇ ಬೇಡ, ಅವೆರಡೂ ಸೇರಿ ಇನ್ನೂ ಜಾಸ್ತಿ ಉಬ್ಬುತ್ತವೆ.

ಇನ್ನೊಂದು ದಾರಿ ಗರಸು. ಐಐಟಿ ಬಾಂಬೆಯ ಪ್ರೊ. ಆರ್. ಕೆ. ಕಟ್ಟಿ ಅವರು ತೋರಿಸಿಕೊಟ್ಟದ್ದು ಇದು: ಎರೆ ಮಣ್ಣಿನ ಮೇಲೆ ಸುಮಾರು ಒಂದು ಮೀಟರ್ ದಪ್ಪ, ಉಬ್ಬದ ಆದರೆ ಅಂಟು ಇರುವ ಮಣ್ಣನ್ನು ಹಾಸಿ ಅದುಮಿದರೆ ಕೆಳಗಿನ ಉಬ್ಬುವಿಕೆ ಬಹಳ ಕಡಿಮೆಯಾಗುತ್ತದೆ. ನಮ್ಮದೇ ರಾಜ್ಯದ ಮಲಪ್ರಭಾ ನಾಲೆಯಲ್ಲಿ ಇದನ್ನು ಬಳಸಿದರು. "ಅಂಟು ಇರುವ" ಅನ್ನುವ ಮಾತು ಮುಖ್ಯ. ಮರಳಿನಲ್ಲಿ ಅಂಟಿಲ್ಲ, ಒಳ್ಳೆ ಕೆಂಪು ಗರಸಿನಲ್ಲಿ ಇರುತ್ತದೆ. ಚಿತ್ರದುರ್ಗದ ಕಡೆ ಹೋದರೆ ಕೆಂಪು ಮಣ್ಣಿಗೆ ಬರವಿಲ್ಲ, ಮರಳಿನ ರೇಟಿಗೆ ಹೋಲಿಸಿದರೆ ಬಾಡಿಗೆ ಸೇರಿಸಿಯೂ ಅಗ್ಗ. ತಂದು ಒಂದೇ ಸಲ ಸುರಿಯಬಾರದು ಅಷ್ಟೇ, ಅರ್ಧ ಅಡಿಗೊಮ್ಮೆ ನೀರು ಹಾಕಿ ಅದುಮಬೇಕು.

ಮಾವನ ಮನೆ ಆಗಲೇ ಕಟ್ಟಿದ್ದು, ಅಡಿಗೆ ಹೋಗಿ ಏನೂ ಮಾಡುವ ಹಾಗಿರಲಿಲ್ಲ. ಪೈಪು ಬದಲಿಸಿದೆವು. ಪಾಯದ ಪಕ್ಕದ ಮರಳನ್ನು ತೆಗೆದು ಗರಸು ತುಂಬಿ ಅದುಮಿದೆವು. ಮನೆ ಸುತ್ತ ಐದು ಅಡಿ ಅಗಲ ಕಾಂಕ್ರೀಟ್ ಹಾಸಿ, ಹೊರಕ್ಕೆ ಇಳಿಜಾರು ಕೊಟ್ಟೆವು. ಗೋಡೆಗೆ ಅಂಟಿಕೊಂಡಿದ್ದ ಹೂಕುಂಡಗಳ ಸಾಲನ್ನು ಅತ್ತೆ ಬೇಜಾರಿನಿಂದಲೇ ಕಾಂಪೌಂಡಿನ ಕಡೆಗೆ ಸರಿಸಿದರು. ಬಿರುಕಿನ ಎರಡೂ ಬದಿ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆದಿದ್ದೇನೆ. ಎರಡು ಬೇಸಿಗೆ ಕಳೆದವು, ಗೆರೆಗಳ ನಡುವಿನ ಅಂತರ ಒಂದು ಮಿಲಿಮೀಟರಿಗಿಂತ ಜಾಸ್ತಿ ಬದಲಾಗಿಲ್ಲ.

ಈ ವರ್ಷ ಮಾವನ ಮಗ ಪಕ್ಕದ ಸೈಟಿನಲ್ಲಿ ಮನೆ ಶುರು ಮಾಡಿದ. ಈ ಸಲ ಮೊದಲೇ ಗುಂಡಿ ತೆಗೆಸಿದೆವು, ಮಣ್ಣು ಅದೇ. ಅಂಡರ್-ರೀಮ್ಡ್ ಪೈಲ್ ಅಂತ ತೀರ್ಮಾನಿಸಿದೆವು, ರೂರ್ಕಿಯ ಸೆಂಟ್ರಲ್ ಬಿಲ್ಡಿಂಗ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಬೆಳೆಸಿದ ವಿಧಾನ. 30 ಸೆಂ.ಮೀ. ಅಗಲದ ರಂಧ್ರವನ್ನು ಮೂರೂವರೆ ಮೀಟರ್ ಕೊರೆದು, ತಳದ ಹತ್ತಿರ ಎರಡೂವರೆ ಪಟ್ಟು ಅಗಲಿಸಿ ಗಡ್ಡೆ ಮಾಡಿ, ಕಂಬಿ ಇಳಿಸಿ ಕಾಂಕ್ರೀಟ್ ತುಂಬುವುದು. ಅಷ್ಟು ಆಳದಲ್ಲಿ ಬೇಸಿಗೆ ಮಳೆಗಾಲದ ವ್ಯತ್ಯಾಸ ಮುಟ್ಟುವುದಿಲ್ಲ, ಮೇಲಿನ ಮಣ್ಣು ಉಬ್ಬಿ ಎಳೆದರೂ ಗಡ್ಡೆ ಹಿಡಿದುಕೊಳ್ಳುತ್ತದೆ. ಪೈಲುಗಳ ಮೇಲೆ ಬೀಮ್ ಬರುತ್ತದೆ, ಬೀಮಿನ ಅಡಿಗೂ ಮಣ್ಣಿಗೂ ನಡುವೆ 8 ಸೆಂ.ಮೀ. ಖಾಲಿ ಬಿಡಬೇಕು, ಮಣ್ಣು ಉಬ್ಬಿ ಬಂದರೆ ಜಾಗ ಇರಲಿ ಅಂತ.

ಮೇಸ್ತ್ರಿಗೆ ಆ ಖಾಲಿ ಜಾಗ ಒಪ್ಪಿಗೆಯೇ ಆಗಲಿಲ್ಲ. "ಸರ್, ಗೋಡೆ ಅಡಿಗೆ ಟೊಳ್ಳು ಬಿಟ್ಟರೆ ಜನ ನನ್ನ ಬೈತಾರೆ" ಅಂತ ಎರಡು ಸಲ ಮಣ್ಣು ತುರುಕಿಸಿದರು. ಎರಡೂ ಸಲ ತೆಗೆಸಿದೆವು. ಮೂರನೇ ಸಲ ಅವರನ್ನು ಪಕ್ಕದ ಮನೆಗೆ ಕರೆದುಕೊಂಡು ಹೋಗಿ ಮಾವನ ಗೋಡೆಯ ಬಿರುಕು, ಪೆನ್ಸಿಲ್ ಗೆರೆ, ತಾರೀಖು ಎಲ್ಲಾ ತೋರಿಸಿದೆ. ಸ್ವಲ್ಪ ಹೊತ್ತು ನೋಡಿದರು. ವಾಪಸ್ ಬಂದು, ಬೀಮ್ ಉದ್ದಕ್ಕೂ ಬಗ್ಗಿ ಕೈ ಹಾಕಿ, ಉಳಿದಿದ್ದ ಹೆಂಟೆಗಳನ್ನು ತಾವೇ ಎಳೆದು ಹಾಕಿದರು.